ಒಂದು ಸಾಲು ಜಾರಿದ ಚಸ್ಮಾಗಳು

ನಾನು ನಿವೃತ್ತ ಕನ್ನಡ ಮಾಸ್ತರ. ಮೂರು ದಿನದ ಕಂಪ್ಯೂಟರ್ ತರಬೇತಿ ಪಡೆದು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವನು. ಹಾಗಾಗಿ ಕನ್ನೊಳ್ಳಿಯಲ್ಲಿ ಕಣ್ಣಿನ ತಪಾಸಣೆ ನಡೆದು ತೊಂಬತ್ತು ಮಂದಿಗೆ ಉಚಿತ ಚಸ್ಮಾ ಬಂದಾಗ, ಹಂಚುವ ಹೊಣೆ ನನಗೆ ಬಂತು. ಬಂತು ಅಂದರೆ, ನಾನೇ ಕೇಳಿ ಪಡೆದೆ.

ಕೆಲಸ ಸರಳ. ಆಶಾ ಕಾರ್ಯಕರ್ತೆ ಶಮಶಾದ್ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಕೊಟ್ಟಿದ್ದಳು. ಎಡತುದಿಯಲ್ಲಿ ಹೆಸರು, ಬಲತುದಿಯಲ್ಲಿ ಡಬ್ಬಿಯ ನಂಬರು. ಆ ನಂಬರಿನ ಡಬ್ಬಿಯ ಮೇಲೆ ಆ ಹೆಸರು ಬರೆಯುವುದು, ಅಷ್ಟೇ.

ಆದರೆ ನಡುವೆ ವಯಸ್ಸು, ಓಣಿ, ತಂದೆಯ ಹೆಸರು, ಎರಡೂ ಕಣ್ಣಿನ ಪವರು ಅಂತ ಹನ್ನೆರಡು ಕಾಲಮ್ಮು. ಬಲಕ್ಕೆ ಸರಿಸಿದರೆ ಹೆಸರು ಮಾಯ. ಎಡಕ್ಕೆ ಬಂದರೆ ನಂಬರು ಮಾಯ. ಕೆಳಗಿಳಿದರೆ ತಲೆಬರಹವೇ ಮಾಯ. ಎಪ್ಪತ್ತೆರಡು ಎಂಬುದು ಡಬ್ಬಿಯೋ, ಯಾರದೋ ವಯಸ್ಸೋ ತಿಳಿಯದು.

ಹೆಂಡತಿ ಶಾಂತಾ ನನ್ನ ಒದ್ದಾಟ ನೋಡಿದಳು. "ಶಮಶಾದಗ ಒಂದ್ ಫೋನ್ ಹಚ್ಚಿ ಕೇಳಬಾರದೇನ್ರಿ?"

"ಪ್ರಮಾಣಪತ್ರ ಯಾರ ಗ್ವಾಡಿ ಮ್ಯಾಲ ಐತಿ? ಆಕಿದೊ, ನಂದೊ?"

ಅವಳು ಒಳಗೆ ಹೋದಳು.

ನಾನು ಉಪಾಯ ಹೂಡಿದೆ. ಉದ್ದನೆಯ ಚೀಟಿಯಲ್ಲಿ ಹೆಸರುಗಳನ್ನು ಬರೆದು ಸ್ಕ್ರೀನಿನ ಎಡಬದಿಗೆ ಅಂಟಿಸಿದೆ. ಈಗ ಪಟ್ಟಿಯನ್ನು ಎಷ್ಟು ಬಲಕ್ಕೆ ಸರಿಸಿದರೂ ಹೆಸರು ಕದಲಲಿಲ್ಲ. ಮೊದಲ ಇಪ್ಪತ್ತು ಹೆಸರು ಮುಗಿದ ಮೇಲೆ ಪಟ್ಟಿಯನ್ನು ಕೆಳಗೆ ಸರಿಸಿ ಎರಡನೇ ಚೀಟಿ ಅಂಟಿಸಿದೆ. ಅಂಟಿಸುವಾಗ ಚೀಟಿ ಒಂದು ಸಾಲು ಕೆಳಗಾಯಿತು. ಮುಂದಿನ ಚೀಟಿಗಳನ್ನೂ ಅದೇ ಗುರುತಿಗೆ ಶಿಸ್ತಾಗಿ ಅಂಟಿಸಿದೆ. ಅಂದರೆ ಇಪ್ಪತ್ತೊಂದನೆಯವರಿಂದ ಎಲ್ಲರ ಹೆಸರಿಗೂ ಅವರ ಮುಂದಿನವರ ಡಬ್ಬಿ.

ಕೊನೆಯ ಹೆಸರು ಸಂಗಪ್ಪಜ್ಜನದು. ಅವನ ಎದುರು ನಂಬರೇ ಇರಲಿಲ್ಲ. ಒಂದು ಡಬ್ಬಿಯೂ ಉಳಿಯಿತು. ಅಜ್ಜನ ಕಣ್ಣು ಚೆನ್ನಾಗಿರಬೇಕು, ಡಬ್ಬಿ ಒಂದು ಹೆಚ್ಚಿಗೆ ಬಂದಿರಬೇಕು ಎಂದು ತೀರ್ಮಾನಿಸಿದೆ.

ಮರುದಿನ ಲ್ಯಾಪ್‌ಟಾಪನ್ನೂ ಹೊತ್ತು ಹೋಗಿ ಸಮುದಾಯ ಭವನದಲ್ಲಿ ಹಂಚಿದೆ. ಮೊದಲ ಇಪ್ಪತ್ತು ಮಂದಿ ನನ್ನನ್ನು ಹರಸಿ ಹೋದರು. ಆಮೇಲೆ ಗಂಗವ್ವ ಚಸ್ಮಾ ಹಾಕಿಕೊಂಡು, ಸಪಾಟು ನೆಲದ ಮೇಲೆ ಮೆಟ್ಟಿಲು ಹತ್ತುವಂತೆ ಕಾಲೆತ್ತಿ ಇಡತೊಡಗಿದಳು. ದರ್ಜಿ ಮೌಲಾಸಾಬ್ ಜೇಬಿನಿಂದ ಸೂಜಿ ತೆಗೆದು ಮುಖದ ಹತ್ತಿರ ಹಿಡಿದ.

"ಮಾಸ್ತರ, ಮೊದ್ಲ ಸೂಜಿ ತೂತು ಕಾಣ್ತಿರಲಿಲ್ಲರಿ. ಈಗ ಸೂಜಿನೂ ಕಾಣವಲ್ದು."

"ರೂಢಿ ಆಗಬೇಕಪಾ, ನಾಕು ದಿನ ಹಾಕ್ಕೊ" ಎಂದೆ.

ಸಂಗಪ್ಪಜ್ಜ ಬಂದಾಗ, "ಅಜ್ಜ, ನಿನ್ನ ಕಣ್ಣು ಗಟ್ಟಿ ಅದಾವು, ಮನಿಗಿ ಹೋಗು" ಎಂದೆ. ಅವನು ಸಂತೋಷದಿಂದ ಕೈಮುಗಿದ. ಕಂಬಕ್ಕೆ.

ಅಷ್ಟರಲ್ಲಿ ಶಮಶಾದ್ ಬಂದಳು. ಎರಡು ಡಬ್ಬಿ ನೋಡಿ, ಪಟ್ಟಿ ನೋಡಿ, ಸ್ಕ್ರೀನಿನ ಮೇಲಿದ್ದ ನನ್ನ ಚೀಟಿ ನೋಡಿದಳು. ನಗು ತಡೆಯಲು ಸೆರಗು ಬಾಯಿಗೆ ಹೋಯಿತು.

"ಸರ್, ಮೊದಲನೇ ಹೆಸರಿನ ಬಲಕ್ಕಿರೋ ಚೌಕ ಒತ್ತಿ, ವ್ಯೂ ಅನ್ನೋದ್ರಾಗ ಫ್ರೀಜ್ ಪೇನ್ಸ್ ಒತ್ತಿದ್ರ ಮುಗೀತ್ರಿ. ತಲೆಬರಹ, ಹೆಸರು ಎರಡೂ ಅಲ್ಲೇ ನಿಲ್ತಾವು. ಗೋಂದು ಬ್ಯಾಡ್ರಿ."

ಒತ್ತಿ ತೋರಿಸಿದಳು. ಬಲಕ್ಕೆ ಹೋದಳು, ಕೆಳಗಿಳಿದಳು. ಹೆಸರುಗಳು ಬಿಟ್ಟುಹೋಗಲಿಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ಸುಲಭದ್ದನ್ನು ಇಷ್ಟು ಬಚ್ಚಿಡುವುದೇ?

ಅವಳು ಎಪ್ಪತ್ತು ಮಂದಿಯನ್ನು ಪಟ್ಟಿಯ ಪ್ರಕಾರ ಸಾಲಾಗಿ ನಿಲ್ಲಿಸಿದಳು. "ಎಲ್ಲಾರೂ ಚಸ್ಮಾ ಪಟ್ಟ್ಯಾಗಿನ ಮುಂದಿನ ಹೆಸರಿನವರಿಗೆ ಕೊಡ್ರಿ." ಉಳಿದ ಡಬ್ಬಿ ಸಾಲಿನ ಮೊದಲನೆಯವಳಾದ ಗಂಗವ್ವನಿಗೆ ಸಿಕ್ಕಿತು. ಕೊನೆಯ ಚಸ್ಮಾ ಸಂಗಪ್ಪಜ್ಜನನ್ನು ತಲುಪಿತು. ಅಜ್ಜ ಹಾಕಿಕೊಂಡು ನನ್ನನ್ನು ದಿಟ್ಟಿಸಿದ.

"ಮಾಸ್ತರ, ನೀವು ಇಷ್ಟ ಮುದುಕ ಆಗೀರಿ ಅಂತ ಗೊತ್ತಿರಲಿಲ್ಲರಿ."

ಮುಂದಿನ ಶಿಬಿರ ಯಂಕಂಚಿಯಲ್ಲಿ. ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ಶಮಶಾದ್ ಕಳಿಸಿದ್ದಾಳೆ. ನನ್ನ ಹೆಸರಿನ ಮುಂದೆ 'ಕುರ್ಚಿ ಹಾಕುವುದು' ಎಂದಿದೆ. ನಾನು ಬಲಕ್ಕೆ ಸರಿಸಿ ನೋಡಿದೆ, ಕೆಳಗೆ ಸರಿಸಿಯೂ ನೋಡಿದೆ. ಅದೊಂದು ಮಾತ್ರ ಕದಲುತ್ತಿಲ್ಲ.