ಬೇಳೆ ಬೇಯದ ಬಿಸಿನೀರಿನ ಬಗ್ಗೆ ಅಡುಗೆಯವಳ ಅರಿಕೆ

ಪಾತಾಳಶಾಖ ವಿದ್ಯುತ್ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ದೋರನಹಳ್ಳಿಯಿಂದಾಚೆ ಕಾಲುವೆ ದಂಡೆಯ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಬಿಸಿಯೂಟ ಮಾಡುತ್ತಿರುವ ಗೊಲ್ಲಾಳಮ್ಮನ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವೋ ಅಲ್ಲವೋ ಎಂಬುದು ನೀರಿನ ವರದಿ ಬಂದ ಮೇಲೆ ತಿಳಿಯಲಿದೆ.

ಭೂಮಿಯ ಹೊಟ್ಟೆಯೊಳಗಿನ ಶಾಖದಿಂದ ಕರೆಂಟು ತೆಗೆಯುತ್ತೇವೆಂದು ತಾವು ಬೋರು ಕೊರೆಸಿ ಕುದಿಯುವ ನೀರು ಚಿಮ್ಮಿಸಿದ ದಿನ ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಬೋರಿಗೆ ನೀರು ಬಿದ್ದರೆ ಗಂಗಮ್ಮನಿಗೆ ಉಡಿ ತುಂಬುವುದು ನಮ್ಮ ರೂಢಿಯಾದ್ದರಿಂದ ನಾನೇ ಮುಂದೆ ನಿಂತು, ತಮ್ಮ ಕಬ್ಬಿಣದ ಪೈಪಿಗೆ ಹಸಿರು ಖಣ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದೆ. ಮೇ ತಿಂಗಳ ಬಿಸಿಲಲ್ಲಿ ತಮ್ಮ ಇಂಜಿನಿಯರರಿಗೆ ಉಣ್ಣೆಯ ಶಾಲನ್ನೂ ಹೊದಿಸಿದೆವು. ಬಳಸಿದ ನೀರನ್ನು ಮತ್ತೆ ನೆಲದಾಳಕ್ಕೇ ಇಳಿಸಬೇಕೆಂಬುದು ನಮಗೆ ಗೊತ್ತಿರಲಿಲ್ಲ. ತಾವು ಅದನ್ನು ಕಾಲುವೆಗೆ ಬಿಟ್ಟಾಗ, ಉಡಿ ತುಂಬಿಸಿಕೊಂಡ ಗಂಗಮ್ಮ ತಾನಾಗಿಯೇ ಊರಿಗೆ ಬಂದಳೆಂದು ಕೈ ಮುಗಿದೆವು.

ಆ ಕಾಲುವೆಯಿಂದಲೇ ನಮ್ಮ ಶಾಲೆಯ ಟಾಕಿಗೆ ನೀರು. ಮಹನೀಯರೇ, ತಮ್ಮ ನೀರಿನ ಗುಣ ಎಷ್ಟು ಹೊಗಳಿದರೂ ಸಾಲದು: ಒಲೆಯಿಲ್ಲದೆ ಬಿಸಿಯಾಗಿ ಬರುತ್ತದೆ, ಆದರೆ ಒಲೆಯ ಮೇಲೆ ಮೂರು ತಾಸು ಇಟ್ಟರೂ ತೊಗರಿಬೇಳೆ ಬೇಯುವುದಿಲ್ಲ. ನನ್ನ ಜೊತೆ ಅಡುಗೆ ಮಾಡುವ ಹಣಮಂತಮ್ಮ, “ನೀರು ಕುದ್ಯಾಕತ್ತಾವ, ಬ್ಯಾಳಿ ಮಾತ್ರ ಕಲ್ಲಿನಂಗ ಕುಂತಾವ್ರಿ” ಎಂದು ಸೌಟು ಕೆಳಗಿಟ್ಟಳು. ಕಾಲುವೆಯಲ್ಲಿ ಮೀನುಗಳು ಬೆಂದೇ ತೇಲಿ ಬರುತ್ತಿವೆ. ಬಿಸಿಯೂಟದಲ್ಲಿ ಮೀನು ಬಡಿಸಲು ಆದೇಶವಿಲ್ಲದ್ದರಿಂದ ತಮ್ಮ ಆ ಉಪಕಾರ ವ್ಯರ್ಥವಾಗುತ್ತಿದೆ. ಅದೇ ನೀರು ಹಾಯ್ದ ಗದ್ದೆಗಳಲ್ಲಿ ಭತ್ತದ ಗರಿಗಳು ತುದಿಯಿಂದ ಸುಟ್ಟುಹೋಗಿವೆ.

ಉಪ್ಪನ್ನಂತೂ ತಾವೇ ಹಾಕಿ ಕಳಿಸುತ್ತಿದ್ದೀರಿ. ಬರುವ ಸೋಮವಾರದಿಂದ ಹುಣಸೆಹುಳಿ, ಅರಿಶಿನ, ಖಾರಪುಡಿಯನ್ನೂ ಅಲ್ಲೇ ಬೆರೆಸಿದರೆ ನಳದಲ್ಲಿ ನೇರವಾಗಿ ಸಾರೇ ಬರುತ್ತದೆ, ಒಗ್ಗರಣೆಯೊಂದನ್ನು ನಾನು ನೋಡಿಕೊಳ್ಳುತ್ತೇನೆ. ಅದು ಕಷ್ಟವಾದರೆ ಗಂಗಮ್ಮನನ್ನು ಅವಳ ತವರಾದ ಪಾತಾಳಕ್ಕೇ ಮರಳಿ ಕಳಿಸಿಕೊಡಿ. ಬಂಡೆಯಲ್ಲಿ ಅಡಗಿದ್ದ ವಿಷವೂ ಬಿಸಿನೀರಿನಲ್ಲಿ ಕರಗಿ ಮೇಲೆ ಬರುತ್ತದೆಂದು ವಿಜ್ಞಾನದ ನೀಲಕಂಠ ಸರ್ ಹೇಳುತ್ತಾರೆ. ನೂರಾ ಎಂಬತ್ತು ಮಕ್ಕಳು ಈ ನೀರನ್ನೇ ಕುಡಿಯುತ್ತಿದ್ದಾರೆ. ಲೋಟ ತುಂಬಿ ಕೊಡುವ ಕೈ ನನ್ನದು, ನನಗೆ ಹೆದರಿಕೆಯಾಗುತ್ತಿದೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗೊಲ್ಲಾಳಮ್ಮ
ಮುಖ್ಯ ಅಡುಗೆಯವಳು

ತಾ.ಕ.: ನೀರು ಪರೀಕ್ಷಿಸಲು ಬಂದಿದ್ದ ತಮ್ಮ ಅಧಿಕಾರಿಯೊಬ್ಬರು ನಮ್ಮ ಟಾಕಿಯ ನೀರು ಉತ್ತಮವೆಂದು ಬರೆದುಕೊಂಡು, ಸ್ವಂತಕ್ಕೆ ಕುಡಿಯಲೆಂದು ಯಾದಗಿರಿಯಿಂದ ತಂದಿದ್ದ ನೀರಿನ ಬಾಟಲಿಯನ್ನು ಅರ್ಧಕ್ಕೇ ಬಿಟ್ಟು, ಮರೆತು ಹೋಗಿದ್ದಾರೆ. ಹಿಂದಿರುಗಿಸಬೇಕೆಂದಿದ್ದೆ, ಅಷ್ಟರಲ್ಲಿ ಒಂದನೇ ತರಗತಿಯ ಮಕ್ಕಳು ಸಾಲು ನಿಂತು, ಮುಚ್ಚಳದಲ್ಲಿ ಅಳೆದು ಕುಡಿದು ಮುಗಿಸಿದರು. ಖಾಲಿ ಬಾಟಲಿ ಇದರೊಂದಿಗಿದೆ. ಮುಂದಿನ ಸಲ ಪರೀಕ್ಷೆಗೆ ದಯವಿಟ್ಟು ಒಬ್ಬರನ್ನೇ ಕಳಿಸಬೇಡಿ. ಇಂಥ ಮರೆಗುಳಿ ಅಧಿಕಾರಿಗಳನ್ನೇ ಹುಡುಕಿ, ನೂರಾ ಎಂಬತ್ತು ಜನರನ್ನು ಕಳಿಸಿ.