ಮಂಡಲದ ಶಾಲೆಗಳೂ ನನ್ನ ಮೈದುನನೂ

ವಿಮಾನ ನಿಲ್ದಾಣ ಇರುವ ಈ ಶಂಶಾಬಾದ್ ಮಂಡಲದ ಸರ್ಕಾರಿ ಶಾಲೆಗಳನ್ನು ನಡೆಸುವವರು ಯಾರು ಅಂತ ಕೇಳಿದರೆ ನೀವು ಏನು ಹೇಳುತ್ತೀರಿ? ಮಂತ್ರಿ ಅನ್ನುತ್ತೀರಿ, ಕಲೆಕ್ಟರ್ ಅನ್ನುತ್ತೀರಿ. ಎಲ್ಲಾ ಸುಳ್ಳು! ನಡೆಸುವವನು ನನ್ನ ಮೈದುನ. ಈ ಸಂಗತಿ ಮಂತ್ರಿಗೆ ಗೊತ್ತಿಲ್ಲ, ಕಲೆಕ್ಟರಿಗೂ ಗೊತ್ತಿಲ್ಲ, ಅಷ್ಟೇ. ಮೈದುನನಿಗೆ ಚೆನ್ನಾಗಿ ಗೊತ್ತು.

ಅವನು ಶಾಲೆಗೆ ಹೋದದ್ದು ಅರ್ಧ ದಿನ. ಊಟಕ್ಕೆ ಅಂತ ಮನೆಗೆ ಬಂದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ನಾನಾದರೂ ಮೂರನೇ ಇಯತ್ತೆ ಮುಗಿಸಿದವಳು. ಯಾದಗಿರಿ ಕಡೆಯಿಂದ ದುಡಿಯಲು ಬಂದವರು ನಾವು. ಅವನು ಗೋಡೆಗೆ ಗಿಲಾವ್ ಮಾಡುವ ಮೇಸ್ತ್ರಿ. ಕೊಂಡಾಪುರದಲ್ಲಿ ಮುಗಿಲಿಗೆ ತಾಗುವ ಕಟ್ಟಡಗಳಿಗೆ ಸಿಮೆಂಟು ಬಳಿದೂ ಬಳಿದೂ ಬಲಭುಜ ಕೈಕೊಟ್ಟಿತು. ಹೆಂಡತಿ ಇಲ್ಲ. ಇದ್ದಿದ್ದರೆ ಯಾವುದಾದರೂ ಶಾಲೆಯಲ್ಲಿ ಮರೆತು ಬರುತ್ತಿದ್ದ. ಊಟ ನಮ್ಮ ಮನೆಯಲ್ಲೇ. ಮನೆಯಲ್ಲಿ ನಾನು, ನನ್ನ ಮಗಳು, ಅಳಿಯ, ಒಬ್ಬ ಸಣ್ಣ ಮೊಮ್ಮಗ, ಮತ್ತೆ ನಾವು ಕೂಲಿಯವರಿರುವ ಬಸ್ತಿಯ ಶಾಲೆಯಲ್ಲಿ ಐದನೇ ಕ್ಲಾಸಿಗೆ ಹೋಗುತ್ತಿದ್ದ ಮೊಮ್ಮಗಳು. ಆ ಶಾಲೆ ಇರುವುದೇ ಐದನೆಯ ತನಕ. ಮುಂದೇನು ಅನ್ನುವುದೇ ಆ ವರ್ಷ ನಮ್ಮ ಮನೆಯ ಚಿಂತೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಮನುಷ್ಯನನ್ನು ಮುಗಿಸುತ್ತೇನೆ.

ಭುಜ ಹೋದ ಮೇಲೆ ಬೇರೆ ಗಂಡಸರು ಇಸ್ಪೀಟು ಹಿಡಿಯುತ್ತಾರೆ. ಇವನು ಶಾಲೆ ಹಿಡಿದ. ಮುಂಜಾನೆ ಚಹಾ ಕುಡಿದು ಹೊರಟನೆಂದರೆ ಇವತ್ತು ಈ ಊರಿನ ಶಾಲೆ, ನಾಳೆ ಆ ತಾಂಡಾದ ಶಾಲೆ. ಗೇಟಿನ ಹತ್ತಿರ ನಿಂತು ಒಳಗೆ ನೋಡುವುದು, ಅಡುಗೆಯವಳ ಜೊತೆ ನಾಲ್ಕು ಮಾತು, ಬೇವಿನ ಗಿಡದ ಕೆಳಗೆ ಒಂದು ಸಣ್ಣ ನಿದ್ದೆ, ಮತ್ತೆ ಮುಂದಿನ ಶಾಲೆ. ಬಸ್ಸು ಹೆಂಗಸರಿಗೆ ಪುಕ್ಕಟೆ, ಗಂಡಸರಿಗಲ್ಲ. ಅದಕ್ಕೇ ನಡೆದು ಹೋಗುತ್ತಿದ್ದ. ಒಂದು ದಿನ ಬಂದು ಕೇಳಿದ:

“ವೈನಿ, ನಿಮ್ಮ ಹಳೇ ಸೀರಿ ಒಂದು ಕೊಡ್ರಿ.”

“ಯಾಕೋ?”

“ಸೆರಗು ಹೊದ್ಕೊಂಡು ಬಸ್ಸಿನ್ಯಾಗ ಕುಂತ್ರ ಕಂಡಕ್ಟರ್ ಏನ್ ನೋಡಾಕ ಬರ್ತಾನ?”

“ಮೀಸಿ ಏನ್ ಮಾಡ್ತಿ?”

ಮೀಸೆ ಮುಟ್ಟಿ ನೋಡಿಕೊಂಡ. ಭಾಳ ಹೊತ್ತು ವಿಚಾರ ಮಾಡಿದ. ಆಮೇಲೆ ನಡೆದೇ ಹೋದ. ಮೀಸೆ ಉಳಿಯಿತು. ಚಪ್ಪಲಿ ಉಳಿಯಲಿಲ್ಲ!

ನಮ್ಮ ಬಸ್ತಿಗೆ ನಳ ಇಲ್ಲ, ಸಂಜೆ ನೀರಿನ ಟ್ಯಾಂಕರ್ ಬರುತ್ತದೆ. ಅದು ಬರುವ ತನಕ ಕೊಡಗಳು ಸಾಲಾಗಿ ಕೂತಿರುತ್ತವೆ, ಕೊಡಗಳ ಹಿಂದೆ ನಾವು ಕೂತಿರುತ್ತೇವೆ. ಆ ಹೊತ್ತಿಗೆ ಸರಿಯಾಗಿ ಮೈದುನ ಬಂದು ಕಲ್ಲಿನ ಮೇಲೆ ನಿಂತು ಕೆಮ್ಮುತ್ತಾನೆ. ಕೆಮ್ಮಿದನೆಂದರೆ ಸುದ್ದಿ ಶುರು. ಯಾವ ಶಾಲೆಗೆ ಹೊಸ ಮೇಡಂ ಬಂದರು, ಯಾವ ಸಾರಿಗೆ ವರ್ಗ ಆಯಿತು, ಎಲ್ಲಿ ಪಾಯಖಾನೆಗೆ ಬಾಗಿಲು ಬಂತು, ಎಲ್ಲಿ ಬಾಗಿಲು ಹೋಯಿತು, ಎಲ್ಲಿಯ ಸಾಂಬಾರಿನಲ್ಲಿ ಬೇಳೆ ಕಂಡಿತು. ಬೇಳೆ ಕಂಡ ಸುದ್ದಿಗೆ ಹೆಂಗಸರು ಚಪ್ಪಾಳೆ ಹೊಡೆಯುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ತೊಂದರೆ ಇದ್ದದ್ದು ಆ ಬೇವಿನ ಗಿಡದಲ್ಲಿ. ಮಧ್ಯಾಹ್ನದ ಹೊತ್ತು, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ, ಆ ದನಿ ಜೇನುಹುಳದ ಹಾಗೆ ಹೊರಗೆ ತೇಲಿ ಬರುತ್ತದೆ, ಮೇಲೆ ವಿಮಾನ ಇಳಿಯುತ್ತದೆ, ಅದರ ನೆರಳು ಮೈದಾನದ ಮೇಲೆ ಮೀನಿನ ಹಾಗೆ ಜಾರಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಇವನಿಗೆ ಕಣ್ಣು ಹತ್ತುತ್ತದೆ. ಕಣ್ಣು ಹತ್ತುವ ಮುಂಚೆ ಕಂಡದ್ದು ಯಾವುದು, ಹತ್ತಿದ ಮೇಲೆ ಕಂಡದ್ದು ಯಾವುದು, ಅವನಿಗೇ ತಿಳಿಯುವುದಿಲ್ಲ. ಸಂಜೆ ಎರಡನ್ನೂ ಸಿಮೆಂಟು ಮರಳಿನ ಹಾಗೆ ಕಲಸಿ ನಮ್ಮ ಮುಂದೆ ಸುರಿಯುತ್ತಿದ್ದ.

“ಇದು ಕಂಡದ್ದೋ, ಕನಸೋ?” ಅಂತ ನಾನು ಗದರಿಸುತ್ತಿದ್ದೆ.

“ಕಣ್ಣು ಮುಚ್ಚಿದ್ದಿಲ್ರಿ ವೈನಿ, ಸ್ವಲ್ಪ ಇಳಿಬಿಟ್ಟಿದ್ದೆ.”

ಒಂದು ಸಂಜೆ ಬಂದು, “ಕೆರಿ ಆಚೆ ಸಾಲಿಗೆ ರೈಲು ಬಂದೈತಿ! ಕಾಚಿಗೂಡ ಸ್ಟೇಶನ್ನಿನ್ಯಾಗ ನಿಂತಂಗ ನಿಂತೈತಿ, ಬಾಗಿಲದಾಗ ಮಕ್ಕಳು ಕೈ ಬೀಸಾಕತ್ತಾರ!” ಅಂದ. ಪಕ್ಕದ ಮನೆ ಹಣಮವ್ವನಿಗೆ ತವರಿನ ಹುಚ್ಚು. ಮರುದಿನ ರೊಟ್ಟಿ ಕಟ್ಟಿಕೊಂಡು, ಚೀಲ ಹಿಡಿದು ಹೋಗಿಯೇ ಬಿಟ್ಟಳು. ಹೋಗಿ ನೋಡಿದರೆ ಏನಿದೆ? ಶಾಲೆಯ ಗೋಡೆಗೆ ರೈಲಿನ ಡಬ್ಬಿಯ ಹಾಗೆ ನೀಲಿ ಬಣ್ಣ ಬಳಿದು ಕಿಟಕಿ ಬರೆದಿದ್ದಾರೆ! ತಿರುಗಿ ಬಂದವಳು ಬೈದಳೇ? ಇಲ್ಲ. “ಅಷ್ಟು ಚೆಂದ ಐತಲ್ಲಕ್ಕ, ಅದರ ಮುಂದ ಕುಂತು ರೊಟ್ಟಿ ತಿಂದು ಬಂದೆ” ಅಂದಳು. ಅವತ್ತೇ ನನಗೆ ಗೊತ್ತಾಯಿತು, ಈ ರೋಗ ಅಂಟುವಂಥದ್ದು.

ಈಜುಕೊಳದ್ದು ಇದಕ್ಕಿಂತ ದೊಡ್ಡದು. ನಮ್ಮ ಬಸ್ತಿ ಶಾಲೆಯ ಹಿಂದೆ ಗುಂಡಿ ತೋಡುತ್ತಿದ್ದರು. ಗುಂಡಿಯ ಪಕ್ಕದಲ್ಲಿ ನೀಲಿ ಟೈಲ್ಸು. ಮೈದುನನಿಗೆ ಅಷ್ಟೇ ಸಾಕು. “ಕೊಂಡಾಪುರದಾಗ ಈಜುಕೊಳಕ್ಕ ಇದೇ ನೀಲಿ ಟೈಲ್ಸ್ ಹಚ್ಚೀನಿ ನಾನು! ನನಗ ಹೇಳ್ತೀರೇನು? ನಮ್ಮ ಮಕ್ಕಳು ಈಜತಾರ!” ಅಂದ. ಆ ಸಂಜೆ ಟ್ಯಾಂಕರ್ ಬಂದದ್ದು ಯಾರಿಗೂ ತಿಳಿಯಲಿಲ್ಲ. ಕುಡಿಯಲು ಕೊಡ ನೀರಿಗೆ ಜಗಳಾಡುವ ಹೆಂಗಸರು ಕೊಳದ ನೀಲಿಯಲ್ಲಿ ತೇಲಿ ಹೋಗಿದ್ದರು. ಮರುದಿನ ಬಸ್ತಿಯ ಮಕ್ಕಳೆಲ್ಲ ಟವೆಲ್ಲು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದರು. ಒಬ್ಬಳ ತಾಯಿ ಎಣ್ಣೆಯನ್ನೂ ಹಚ್ಚಿ ಕಳಿಸಿದ್ದಳು! ಹೆಡ್ ಮೇಡಂ ಆ ಟವೆಲ್ಲುಗಳ ಮೆರವಣಿಗೆ ನೋಡಿ ಎದೆ ಹಿಡಿದುಕೊಂಡರಂತೆ. ಗುಂಡಿ ಪಾಯಖಾನೆಯದು. ಟೈಲ್ಸೂ ಪಾಯಖಾನೆಯವೇ.

“ಪಾಯಖಾನಿ ಬರೋದೂ ಸುದ್ದಿನೇ ಅಲ್ಲೇನ್ರಿ ವೈನಿ?” ಅಂದ ಮೈದುನ. ಮುಖದಲ್ಲಿ ನಾಚಿಕೆಯ ಒಂದು ಗೆರೆ ಇದ್ದಿದ್ದರೆ ಕೇಳಿ!

ಈಗ ಮೊಮ್ಮಗಳ ಮಾತಿಗೆ ಬರುತ್ತೇನೆ. ಐದನೆಯದು ಮುಗಿಯಿತು. ಆರನೆಯದಕ್ಕೆ ಹೆದ್ದಾರಿ ದಾಟಿ ಆಚೆಯ ಹೈಸ್ಕೂಲಿಗೆ ಹೋಗಬೇಕು. ಆ ಹೆದ್ದಾರಿ ಎಂಥದ್ದು ಅಂದರೆ, ವಿಮಾನ ಹಿಡಿಯುವವರೆಲ್ಲ ಅಲ್ಲೇ ಹಾರಲು ಶುರು ಮಾಡುತ್ತಾರೆ. ಮಗಳು, ಅಳಿಯ ಬೆಳಕು ಹರಿಯುವ ಮುಂಚೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನನ್ನ ಮೊಣಕಾಲು ಅಂಗಳ ದಾಟಿದರೆ ದೊಡ್ಡದು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. “ಓದಿದ್ದು ಸಾಕು. ಮನ್ಯಾಗ ಇದ್ದು ತಮ್ಮನ್ನ ಆಡಿಸಲಿ” ಅಂದೆ. ಅವಳು ಬೇಸಿಗೆ ರಜೆಯಲ್ಲಿ ಗಿಡ್ಡವಾಗಿದ್ದ ಯೂನಿಫಾರ್ಮನ್ನು ಒಗೆದು ಒಣಹಾಕುತ್ತಿದ್ದಳು, ಮತ್ತೆ ಒಗೆಯುತ್ತಿದ್ದಳು. ನೀರು ಹಾಳು ಅಂತ ನಾನು ಬೈಯುತ್ತಿದ್ದೆ. ಮೈದುನ ಕೂತು ಆ ಯೂನಿಫಾರ್ಮ್ ಗಾಳಿಗೆ ಆಡುವುದನ್ನೇ ನೋಡುತ್ತಿದ್ದ.

ರಜೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಕಲ್ಲು ಹತ್ತಿ, ಕೆಮ್ಮದೆಯೇ ಹೇಳಿದ: “ನಮ್ಮ ಬಸ್ತಿ ಸಾಲಿಗೆ ಆರನೇ ಕ್ಲಾಸ್ ಬಂದೈತಿ!”

ಮೊಮ್ಮಗಳ ಕೈಯಿಂದ ಕೊಡ ಬಿತ್ತು. ಪ್ಲಾಸ್ಟಿಕ್ ಕೊಡ, ಒಡೆಯಲಿಲ್ಲ, ಉರುಳಿಕೊಂಡು ಹೋಯಿತು. ಅವಳು ಅದರ ಹಿಂದೆ ನಗುತ್ತ ಓಡಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಆ ಬೇಸಿಗೆಯಲ್ಲಿ ನೋಡಿರಲಿಲ್ಲ.

“ಕಣ್ಣಾರೆ ಕಂಡೀಯೇನೋ?” ಅಂತ ಕೇಳಿದೆ.

“ಹಿಂದಿನ ಖೋಲಿ ಖಾಲಿ ಮಾಡ್ಯಾರ ವೈನಿ. ಸುಣ್ಣ ಹಚ್ಯಾರ. ಬೆಂಚು ತಂದು ಇಟ್ಟಾರ. ಮತ್ತ ಯಾಕ ಇಟ್ಟಾರ?”

ಶಾಲೆ ತೆರೆದ ದಿನ ಐದನೆಯದು ಮುಗಿಸಿದ ಮಕ್ಕಳೆಲ್ಲ ತಲೆ ಬಾಚಿಕೊಂಡು ತಾಯಂದಿರ ಜೊತೆ ಬಸ್ತಿ ಶಾಲೆಯ ಮುಂದೆ ನಿಂತರು. ನಾನೂ ಮೊಣಕಾಲು ಎಳೆದುಕೊಂಡು ಹೋದೆ. ಹೆಡ್ ಮೇಡಂ ಕನ್ನಡಕ ಸರಿ ಮಾಡಿಕೊಂಡು, “ಆರನೇ ಕ್ಲಾಸಾ? ಎವರು ಚೆಪ್ಪಾರಮ್ಮಾ?” ಅಂದರು. ಯಾರು ಹೇಳಿದ್ದು ಅಂತ ತೋರಿಸಲು ಭಾಷೆ ಬೇಕೇ? ಎಲ್ಲಾ ಬೆರಳೂ ಒಂದೇ ಕಡೆ ತಿರುಗಿದವು.

ಮೈದುನ ಮುಂದೆ ಬಂದ. “ಮೇಡಮ್ಮೋರ, ಖೋಲಿ ಐತಿ, ಬೆಂಚು ಅದಾವ, ಮಕ್ಕಳು ಇಲ್ಲೇ ನಿಂತಾರ. ಇನ್ನೇನು ಬೇಕ್ರಿ?”

ಮೇಡಂ ಕೆಟ್ಟವರಲ್ಲ. ಅದು ಅಂಗನವಾಡಿಗೆ ಮಾಡಿದ ಖೋಲಿ ಅಂದರು. ಆರನೇ ಕ್ಲಾಸಿಗೆ ಮೇಲಿನಿಂದ ಹುಕುಂ ಬರಬೇಕು, ಟೀಚರ್ ಬರಬೇಕು ಅಂದರು. ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದರೆ ಇಲ್ಲ ಅನ್ನುವುದು ಹೌದು ಆಗುತ್ತದೆಯೇ?

ಮನೆಗೆ ಬಂದು ಮೊಮ್ಮಗಳು ಯೂನಿಫಾರ್ಮ್ ಬಿಚ್ಚಿ ಮಡಚಿ ಇಟ್ಟಳು. ಒಗೆಯಲಿಲ್ಲ. ನಾನು ಮೈದುನನನ್ನು ಹಿಡಿದುಕೊಂಡೆ. “ಕನಸು ಬಿತ್ತಂದ್ರ ನೀನೊಬ್ನೇ ಕಾಣು. ಆ ಕೂಸಿಗೆ ಯಾಕ ತೋರಿಸಿದಿ?” ಅಂದೆ. ಏನಾದರೊಂದು ಸಬೂಬು ಇದ್ದೇ ಇರುವ ಮನುಷ್ಯ, ಅವತ್ತು ಮೂಲೆಯಲ್ಲಿದ್ದ ತನ್ನ ಹಳೇ ಗಿಲಾವ್ ಸಾಮಾನು ಕೆದಕತೊಡಗಿದ. ಸಂಜೆ ಟ್ಯಾಂಕರ್ ಬಂತು, ಹೋಯಿತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಮರುದಿನ ಮುಂಜಾನೆ ಏಳುತ್ತೇನೆ, ನನ್ನ ಕೆಂಪು ಕುಪ್ಪಸ ಕಾಣಿಸುತ್ತಿಲ್ಲ! ಹೊರಗೆ ಬಂದರೆ, ಗೋಡೆ ಸಪಾಟ ಮಾಡುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯ ತುದಿಗೆ ಅದನ್ನು ಕಟ್ಟಿಕೊಂಡು ಮೈದುನ ನಿಂತಿದ್ದಾನೆ. ಸ್ನಾನ ಮಾಡಿದ್ದಾನೆ, ಮೀಸೆಗೆ ಎಣ್ಣೆ ಹಚ್ಚಿದ್ದಾನೆ. ಇನ್ನೊಂದು ಕೈಯಲ್ಲಿ ಗೋಡೆಯ ನೇರ ನೋಡುವ ದಾರ. ದಾರ ಹಿಡಿದು ಒಬ್ಬರ ಹಿಂದೆ ಒಬ್ಬರು ಬಸ್ತಿಯ ಮಕ್ಕಳು. ಎಲ್ಲರ ಮುಂದೆ ನನ್ನ ಮೊಮ್ಮಗಳು, ಗಿಡ್ಡ ಯೂನಿಫಾರ್ಮಿನಲ್ಲಿ.

“ಎಲ್ಲಿಗೋ?”

“ಆರನೇ ಕ್ಲಾಸಿಗೆ.”

ಮೊದಲ ದಿನ ಹಿಂದೆ ಹೋಗಿ ನೋಡಿಬಂದವಳು ಹಣಮವ್ವ. ಅವಳು ಹೇಳಿದ್ದು: ಹೆದ್ದಾರಿಯ ಅಂಚಿನಲ್ಲಿ ನಿಂತು ಕುಪ್ಪಸ ಎತ್ತಿದನಂತೆ. ಒಂದು ಕಾರು ನಿಂತಿತು, ಅದರ ಹಿಂದಿನದು ನಿಂತಿತು, ಲಾರಿ ನಿಂತಿತು. ಒಬ್ಬ ಡ್ರೈವರ್ ತಲೆ ಹೊರಗೆ ಹಾಕಿ, “ಏ ತಾತಾ, ಪಕ್ಕಕಿ ಜರುಗು! ಫ್ಲೈಟ್ ತಪ್ಪಿ ಹೋಗುತ್ತೆ!” ಅಂತ ಕೂಗಿದ.

“ಫ್ಲೈಟ್ ಮತ್ತೊಂದು ಬರತೈತಿ ತಮ್ಮಾ,” ಅಂದನಂತೆ ಮೈದುನ, “ಇವರ ಬೆಲ್ ಒಮ್ಮಿ ಹೊಡೀತಂದ್ರ ಮುಗೀತು!”

ಅವತ್ತಿನಿಂದ ಇದೇ ಅವನ ಉದ್ಯೋಗ. ಮುಂಜಾನೆ ದಾಟಿಸುವುದು, ದಿನವೆಲ್ಲ ಹೈಸ್ಕೂಲಿನ ಗೇಟಿನಲ್ಲಿ ಕೂಡುವುದು, ಸಂಜೆ ತಿರುಗಿ ದಾಟಿಸುವುದು. ನಡುವೆ ಬೇರೆ ಶಾಲೆ ನೋಡಿ ಬಾ ಅಂದರೆ, “ಬೆಲ್ ಲಗೂ ಹೊಡದ್ರ?” ಅನ್ನುತ್ತಾನೆ. ಮಂಡಲದ ಸುದ್ದಿಯೆಲ್ಲ ನಿಂತು ಹೋಯಿತು. ಎಲ್ಲಿ ಬೇಳೆ ಕಂಡಿತೋ, ಎಲ್ಲಿ ರೈಲು ನಿಂತಿತೋ, ಕೇಳುವವರಿಲ್ಲ. ಹೆಂಗಸರು ಗೊಣಗಿದರು. “ಕಾಕಾ, ಏನರ ಒಂದು ಹೇಳು, ಸುಳ್ಳರ ಹೇಳು” ಅಂದರು. ಅವನು ಕಲ್ಲಿನ ಮೇಲೆ ಕೂತು ಚಪ್ಪಲಿಯ ಧೂಳು ಜಾಡಿಸುತ್ತಿದ್ದ.

ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದ. ಹೊರಗೆ ದಾರ ಹಿಡಿದು ಮಕ್ಕಳು ನಿಂತಿದ್ದರು. ಮೊಮ್ಮಗನನ್ನು ಹಣಮವ್ವನ ಹತ್ತಿರ ಬಿಟ್ಟು ಬಂದು ನಾನು ಪಟ್ಟಿ ಕಸಿದುಕೊಂಡೆ. “ಮಲ್ಕೊ. ನನ್ನ ಕುಪ್ಪಸ, ನಾನೇ ಹಿಡೀತೀನಿ” ಅಂದೆ.

ಹೆದ್ದಾರಿಯ ಅಂಚಿಗೆ ಬಂದು ಪಟ್ಟಿ ಎತ್ತಿದೆ. ಆ ಗದ್ದಲವೆಲ್ಲ ಯಾರೋ ಸೆರಗಿನಿಂದ ಒರೆಸಿದ ಹಾಗೆ ನಿಂತು ಹೋಯಿತು. ಮಳೆಗಾಲದ ಮಬ್ಬಿನಲ್ಲಿ ಕಾರುಗಳ ದೀಪಗಳು ನೀರಿನಲ್ಲಿ ಇಟ್ಟ ಹಣತೆಯ ಹಾಗೆ ಕಂಡವು. ತಲೆಯ ಮೇಲೆ ವಿಮಾನವೊಂದು ನೆಲ ಸೇರಲು ಮನಸ್ಸಿಲ್ಲದ ಹಾಗೆ ತೇಲುತ್ತಿತ್ತು. ನನ್ನ ಮೊಣಕಾಲು ನೋಯಲಿಲ್ಲ ಅಂದರೆ ಸುಳ್ಳು, ಆದರೆ ನೋವು ಬೇರೆ ಯಾರದ್ದೋ ಅನ್ನಿಸಿತು. ಬೆನ್ನ ಹಿಂದೆ ದಾರ ಬಿಗಿಯಾಗಿತ್ತು. ಯಾರೂ ಕೈಬಿಟ್ಟಿಲ್ಲ ಅಂತ ತಿರುಗಿ ನೋಡದೆಯೇ ತಿಳಿಯುತ್ತಿತ್ತು.

ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಕೂತೆ. ಒಳಗೆ ಮಕ್ಕಳು ಏನೋ ಒಟ್ಟಾಗಿ ಓದುತ್ತಿದ್ದರು, ಅದರಲ್ಲಿ ನನ್ನ ಮೊಮ್ಮಗಳ ದನಿ ಇತ್ತು. ಗಾಳಿ ಬೀಸಿತು. ನನಗೂ ಕಣ್ಣು ಹತ್ತಿತು. ಏನು ಕಂಡೆ ಅಂತ ಹೇಳುವುದಿಲ್ಲ. ನಾನು ಅಂಥವಳಲ್ಲ.

ಸಂಜೆ ಕೊಡಗಳ ಸಾಲಿನಲ್ಲಿ ಬಂದು ಕೂತೆ. ಮೈದುನ ಒಳಗೆ ಕಂಬಳಿ ಹೊದ್ದು ಮಲಗಿದ್ದ. ಕಲ್ಲು ಖಾಲಿ ಇತ್ತು. ಹಣಮವ್ವ ಕೇಳಿದಳು, “ಯಕ್ಕಾ, ಇವತ್ತ ಸಾಲಿಗೆ ಹೋದಾಕಿ ನೀನು. ಏನ್ ಸುದ್ದಿ?”

“ಹೋದ ಮಕ್ಕಳು ಎಲ್ಲಾರೂ ಹೊಳ್ಳಿ ಬಂದ್ರು” ಅಂದೆ.

“ಅಷ್ಟೇನಾ?”

“ಅಷ್ಟೇ.”

ಹೆಂಗಸರು ನಕ್ಕರು. ಒಳಗೆ ಕಂಬಳಿ ಸರಿದ ಸದ್ದಾಯಿತು. ಜ್ವರದ ದನಿಯಲ್ಲಿ ಮೈದುನ ಕೂಗಿದ:

“ವೈನಿ, ಅದನ್ನ ಇನ್ನೊಮ್ಮಿ ಹೇಳ್ರಿ.”

ಟ್ಯಾಂಕರ್ ಬಂದು ನಿಂತಿತ್ತು. ಸಾಲು ತಪ್ಪಿದರೂ ತಪ್ಪಲಿ ಅಂತ ಕೊಡ ಕೆಳಗಿಟ್ಟು ಒಳಗೆ ಹೋದೆ. ಅವನ ಹಾಸಿಗೆಯ ಪಕ್ಕ ಕೂತು, ಒಬ್ಬೊಬ್ಬ ಮಗುವಿನ ಹೆಸರೂ ಹಿಡಿದು, ಮೆಲ್ಲಗೆ ಹೇಳಿದೆ.