ಅಕ್ಕನನ್ನು ನನ್ನೊಳಗೆ ಸೇರಿಸಿಬಿಟ್ಟ ಡೇಟಾಬೇಸಿಗೆ

ದೊಡ್ಡಾಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿರುವ ಡೇಟಾಬೇಸ್ ಮಹಾಶಯರಿಗೆ,

ಮಾನ್ಯರೇ,

ಅವಳಿಗಳಲ್ಲಿ ಕಿರಿಯವಳಾದ ನನ್ನ ಅನಂತ ನಮಸ್ಕಾರಗಳು. ಹಿರಿಯವಳಾದ ಅಕ್ಕನೂ ನಮಸ್ಕರಿಸುತ್ತಿದ್ದಳು. ತಮ್ಮ ಪ್ರಕಾರ ಅವಳು ಇಲ್ಲವೇ ಇಲ್ಲವಾದ್ದರಿಂದ ಅವಳ ಪಾಲಿನದನ್ನೂ ನಾನೇ ಸಲ್ಲಿಸಿದ್ದೇನೆ.

ಕಾಗದದ ಫೈಲುಗಳ ಕಾಲವನ್ನು ಹಾಡಿ ಹೊಗಳಲು ನಾನು ಬರೆಯುತ್ತಿಲ್ಲ. ಆಗ ಹಲ್ಲಿನ ವಿಭಾಗಕ್ಕೊಂದು ಫೈಲು, ಮೂಳೆಗೊಂದು, ಕಣ್ಣಿಗೊಂದು. ಮನೆ ಬದಲಾಯಿಸಿದರೆ ಪ್ರತಿ ಕಿಟಕಿಯಲ್ಲೂ ಹೊಸ ವಿಳಾಸ ಒದರಬೇಕಿತ್ತು, ಹಲ್ಲಿನವರು ಬರೆದುಕೊಂಡರೂ ಮೂಳೆಯವರು ಹಳೆಯ ಮನೆಗೇ ಚೀಟಿ ಕಳಿಸುತ್ತಿದ್ದರು. ಒಬ್ಬ ಡಾಕ್ಟರು ಫೈಲನ್ನು ಮೇಜಿನ ಮೇಲಿಟ್ಟು ಊಟಕ್ಕೆದ್ದರೆ ಇನ್ನೊಬ್ಬರು ಕೈಕಟ್ಟಿ ಕೂರಬೇಕಿತ್ತು. ತಾವು ಬಂದಿರಿ, ಎಲ್ಲವನ್ನೂ ಒಂದೇ ಕಡೆ ಸೇರಿಸಿದಿರಿ, ಎಲ್ಲ ಕೋಣೆಯವರೂ ಏಕಕಾಲಕ್ಕೆ ನೋಡುವಂತೆ ಮಾಡಿದಿರಿ, ಒಂದೇ ವಿಷಯ ಎರಡು ಕಡೆ ಇರಕೂಡದೆಂದು ಪೊರಕೆ ಹಿಡಿದು ಗುಡಿಸಿದಿರಿ. ಹುಟ್ಟಿದ ದಿನ, ತಂದೆಯ ಹೆಸರು, ಮನೆ ನಂಬರು ಒಂದೇ ಇದ್ದುದರಿಂದ, ನಾನೊಬ್ಬಳೇ ಎರಡು ಸಲ ಬರೆಸಿಕೊಂಡಿದ್ದೇನೆಂದು ತಿಳಿದು ಅಕ್ಕನನ್ನೂ ಗುಡಿಸಿ ನನ್ನೊಳಗೆ ಹಾಕಿದಿರಿ.

ಆಹಾ, ಎಂಥ ಶುಚಿತ್ವ! ಮದುವೆಯ ಗೋಜೇ ಬೇಡವೆಂದು ಹೊಲಿಗೆ ಮಿಷನ್ ಹಾಕಿಕೊಂಡು ಹಾಯಾಗಿದ್ದ ಅಕ್ಕನಿಗೆ ತಾವು ನನ್ನ ಗಂಡನನ್ನು ದಯಪಾಲಿಸಿದ್ದೀರಿ. ಅವರ ಗೊರಕೆ ಬಲ್ಲ ಅವಳು, "ಇದನ್ನ ನೀನೇ ಇಟ್ಕೊಳ್ಳೇ ತಾಯಿ" ಎಂದು ಕೂಡಲೇ ವಾಪಸು ಮಾಡಿದ್ದಾಳೆ. ಅದೂ ಹೋಗಲಿ. ನನ್ನ ಕಣ್ಣಿನ ಪೊರೆಯನ್ನು ಹೋದ ವರ್ಷವೇ ತೆಗೆದಿದ್ದಾರೆ. ಅಕ್ಕನ ಎರಡೂ ಕಣ್ಣಿಗೆ ಈಗ ಪೊರೆ ಬಂದು ಕೂತಿದೆ. ಕೈಹಿಡಿದು ಕರೆದೊಯ್ದರೆ ಗುಮಾಸ್ತರು ಪರದೆಯ ಮೇಲೆ ತಮ್ಮನ್ನು ನೋಡಿ, "ಅಮ್ಮಾ, ನಿಮಗೆ ಆಗ್ಲೇ ಆಪರೇಷನ್ ಆಗಿದ್ಯಲ್ಲ, ಮತ್ಯಾಕೆ ಬಂದ್ರಿ?" ಎಂದರು. ಅಕ್ಕ ಕಿಟಕಿಯ ಪಕ್ಕದ ಕಂಬಕ್ಕೆ ಮುಖಮಾಡಿ, "ಆಗಿರೋದು ನನಗಲ್ಲಪ್ಪಾ, ನನ್ನ ತಂಗಿಗೆ" ಎಂದು ವಿನಯದಿಂದ ವಿವರಿಸಿದಳು. ಇಬ್ಬರೂ ಎದುರಿಗೇ ನಿಂತಿದ್ದರೂ ನಮ್ಮನ್ನು ಬೇರೆ ಮಾಡುವ ಅಧಿಕಾರ ಕಿಟಕಿಯವರಿಗಿಲ್ಲ, ಅದರ ಪಾಸ್‌ವರ್ಡ್ ಮೇಲಿನವರ ಹತ್ತಿರ ಇದೆ ಎಂದು ಗುಮಾಸ್ತರು ಕೈಚೆಲ್ಲಿದರು. ಹಿಂದೆ ಒಂದು ಫೈಲಿನ ತಪ್ಪು ಅದೇ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು, ಕೇಳಿದರೆ ಕೆಂಪು ಶಾಯಿಯಲ್ಲಿ ಗೀಚಿ ಸರಿಮಾಡುತ್ತಿದ್ದರು. ತಮ್ಮ ತಪ್ಪಾದರೋ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಕೋಣೆಗೂ ಸತ್ಯವಾಗಿ ತಲುಪಿರುತ್ತದೆ.

ಆದ್ದರಿಂದ ದಯವಿಟ್ಟು ಅಕ್ಕನನ್ನು ನನ್ನಿಂದ ಬಿಡಿಸಿಕೊಡಿ. ಆಗದಿದ್ದರೆ ನನ್ನ ಕಣ್ಣಿನಿಂದ ಅವಳಿಗೆ ಕಾಣುವ ಏರ್ಪಾಡು ಮಾಡಿ. ಅದೂ ಆಗದಿದ್ದರೆ ದಿನಾ ಬೆಳಿಗ್ಗೆ ನಮ್ಮನೆಗೆ ದಯಮಾಡಿಸಿ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟು ಹೋಗಿ.

ನಮ್ಮಮ್ಮ ಒಂದು ದಿನವೂ ನಮ್ಮನ್ನು ಅದಲುಬದಲು ಮಾಡಿದವಳಲ್ಲ. ಕರೆಂಟು ಹೋದಾಗಲೂ ತಲೆ ಸವರಿಯೇ ಯಾರೆಂದು ಹೇಳುತ್ತಿದ್ದಳು. ನಿನ್ನೆ ಅಕ್ಕ ಬೀರುವಿನ ಕನ್ನಡಿಯ ಮುಂದೆ ನಿಂತು, ತನ್ನ ಮಸುಕು ಮುಖವನ್ನೇ ನಾನೆಂದುಕೊಂಡು, "ಯಾಕೇ ಸುಮ್ನೆ ನಿಂತಿದೀಯಾ, ಏನಾದ್ರೂ ಮಾತಾಡೇ" ಎಂದಳು. ನನಗೆ ಅಳು ಬಂತು, ಮಾನ್ಯರೇ. ನಮ್ಮಿಬ್ಬರನ್ನು ಒಬ್ಬಳೆಂದುಕೊಂಡವರಲ್ಲಿ ತಾವು ಮೊದಲಿಗರು. ಈಗ ಅವಳೂ ತಮ್ಮ ಪಕ್ಷ ಸೇರಿದ್ದಾಳೆ.

ತಮ್ಮ ಲೆಕ್ಕದಲ್ಲಿ ಒಬ್ಬಳೂ ನಮ್ಮ ಮನೆಯಲ್ಲಿ ಇಬ್ಬರೂ ಆಗಿರುವ
ತಮ್ಮ ವಿಶ್ವಾಸಿ,
ತಂಗಿ

ವಿ.ಸೂ.: ನಾಳೆ ಇಬ್ಬರೂ ಮತ್ತೆ ಅದೇ ಕಿಟಕಿಗೆ ಬರುತ್ತೇವೆ. ಒಮ್ಮೆ ತಲೆ ಎಣಿಸಿ ನೋಡಿ. ಅದಕ್ಕೆ ಪಾಸ್‌ವರ್ಡ್ ಬೇಕಾಗುವುದಿಲ್ಲ.